ಬರಿಗಾಲಿನ ಯಾಜಕ: ಸಂತ ಜೋಸೆಫ್ ವಾಜ್‌ರವರ ಜೀವನ ಚರಿತ್ರೆ

ಮುಡಿಪು ಗುಡ್ಡಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಮೂರು ಒರತೆಗಳ ವಿಷಯ. ನೀರು ಎಲ್ಲಿದೆ, ಕುಡಿಯಬಹುದೇ, ಮನೆಗೆ ಒಯ್ಯಬಹುದೇ ಎಂದು ವಿಚಾರಿಸುತ್ತಾರೆ. ಅದು ಸರಿಯೇ. ಆದರೆ ಆ ಒರತೆಗಳ ಜೊತೆ ಯಾರ ಹೆಸರು ಸೇರಿಕೊಂಡಿದೆಯೋ ಆ ಸಂತ ಜೋಸೆಫ್ ವಾಜ್‌ರವರು ಯಾರು, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋದರು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅದ್ಭುತಗಳನ್ನು ಬದಿಗಿಟ್ಟು ನೋಡಿದರೂ ಸಾಕು, ಅವರ ಬಾಳು ಓದತಕ್ಕದ್ದಾಗಿದೆ. ಯಾಕೆಂದರೆ ಅವರು ಹುಟ್ಟುವಾಗಲೇ ಸಂತರಾಗಿ ಹುಟ್ಟಿದವರಲ್ಲ. ಒಂದೊಂದೇ ಮೆಟ್ಟಿಲು ಹತ್ತಿ, ಕೆಲವು ಕಡೆ ಕಾಲು ತಡೆದು ನಿಂತು, ಮತ್ತೆ ಹತ್ತಿ ಮೇಲೆ ಹೋದವರು. ಸಂತ ಪೌಲರು ಎಫೆಸದ ಸಭೆಗೆ ಬರೆದ ಪತ್ರದಲ್ಲಿ ಕ್ರೈಸ್ತನಾದವನು ಮಗುವಾಗಿಯೇ ಉಳಿಯದೆ ಪೂರ್ಣ ಬೆಳವಣಿಗೆಗೆ ಬರಬೇಕೆಂದು ತಿಳಿಸಿದ್ದಾರೆ. ಆ ಬೆಳವಣಿಗೆ ಒಬ್ಬ ಮನುಷ್ಯನಲ್ಲಿ ಹೇಗೆ ಆಯಿತೆಂದು ನೋಡಬೇಕಾದರೆ ವಾಜ್‌ರವರ ಚರಿತ್ರೆ ಬಹಳ ಅನುಕೂಲವಾದದ್ದು.

ಜನನ ಮತ್ತು ವಿದ್ಯಾಭ್ಯಾಸ

ಗೋವಾದ ಸಾಲ್ಸೆಟ್ ಸೀಮೆಯಲ್ಲಿ ಬೆನಾವ್ಲಿ ಎಂಬ ಊರಿದೆ. ಅಲ್ಲಿ 1651ನೇ ಇಸವಿ ಏಪ್ರಿಲ್ 21ರಂದು ಜೋಸೆಫ್ ಹುಟ್ಟಿದರು. ತಂದೆ ಕ್ರಿಸ್ತೊವಾವ್ ವಾಜ್, ಸಾಂಕ್ವಾಳ ಊರಿನವರು. ತಾಯಿ ಮರಿಯಾ ದೆ ಮಿರಾಂದ, ಬೆನಾವ್ಲಿಯವರು. ಕೊಂಕಣಿ ಮಾತನಾಡುವ, ಅನುಕೂಲಸ್ಥ, ದೈವಭಕ್ತಿಯುಳ್ಳ ಕುಟುಂಬ. ಹುಟ್ಟಿದ ಎಂಟನೇ ದಿನ ಊರಿನ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಮಗುವಿಗೆ ಜ್ಞಾನಸ್ನಾನವಾಯಿತು.

ಹುಡುಗ ಸಾಂಕ್ವಾಳದಲ್ಲಿ ಪೋರ್ಚುಗೀಸ್ ಕಲಿತ, ಬೆನಾವ್ಲಿಯಲ್ಲಿ ಲತೀನ್ ಕಲಿತ. ಮುಂದೆ ಗೋವಾ ಪಟ್ಟಣದಲ್ಲಿ ಯೇಸುಸಭೆಯವರ ಕಾಲೇಜು, ಆಮೇಲೆ ಸಂತ ತೋಮಸ್ ಅಕ್ವಿನಾಸರ ಹೆಸರಿನ ವಿದ್ಯಾಲಯದಲ್ಲಿ ತತ್ವಶಾಸ್ತ್ರ ಮತ್ತು ದೇವಶಾಸ್ತ್ರ. 1675ರಲ್ಲಿ ಅವರಿಗೆ ಉಪಯಾಜಕ ದೀಕ್ಷೆ, 1676ರಲ್ಲಿ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾವ್‌ರವರಿಂದ ಯಾಜಕ ದೀಕ್ಷೆ ದೊರೆಯಿತು.

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ, ಚಿದ್ರಿಯಂಥ ಊರುಗಳಿಂದ ರಾಜ್ಯದ ಈ ತುದಿಗೆ ಬರುವ ಯಾತ್ರಿಕರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ವಾಜ್‌ರವರಿಗೆ ಉಪಯಾಜಕ ದೀಕ್ಷೆ ಕೊಟ್ಟವರು ಕುಸ್ತೋದಿಯೊ ದೆ ಪಿನ್ಹೊ ಎಂಬ ಧರ್ಮಾಧ್ಯಕ್ಷರು. ಇವರು ನಮ್ಮ ದೇಶದವರೇ ಆಗಿದ್ದು, ಬಿಜಾಪುರ ಮತ್ತು ಗೋಲ್ಕೊಂಡ ಸೀಮೆಗಳ ಕ್ರೈಸ್ತರ ಹೊಣೆಯನ್ನು ರೋಮ್ ಅವರಿಗೆ ವಹಿಸಿತ್ತು. ಬೀದರ್ ಕೋಟೆ 1619ರಿಂದ ಬಿಜಾಪುರದ ಸುಲ್ತಾನರ ಕೈಯಲ್ಲಿದ್ದು, 1657ರಲ್ಲಿ ಔರಂಗಜೇಬನ ಪಾಲಾಗಿತ್ತು ಎಂಬುದು ಆ ಕಡೆಯವರಿಗೆ ಗೊತ್ತಿಲ್ಲದ್ದೇನಲ್ಲ. ಹೀಗೆ ಈ ಸಂತರ ತಲೆಯ ಮೇಲೆ ಮೊದಲು ಹಸ್ತವಿಟ್ಟ ಕೈ ಬಯಲುಸೀಮೆಯ ಹೊಣೆ ಹೊತ್ತಿದ್ದ ಕೈ. ಬಹಳ ವರ್ಷಗಳ ನಂತರ, 2005ರಲ್ಲಿ, ಗುಲ್ಬರ್ಗಾ ಧರ್ಮಕ್ಷೇತ್ರ ರಚನೆಯಾಗಿ ಬೀದರ್ ಜಿಲ್ಲೆ ಅದರೊಳಗೆ ಸೇರಿತು.

ಚಪ್ಪಲಿ ಬಿಟ್ಟದ್ದು

ಆಗಿನ ಗೋವಾದಲ್ಲಿ ಯಾಜಕರಾಗುವುದೆಂದರೆ ಮಾನಮರ್ಯಾದೆಯ ವಿಷಯ. ಒಳ್ಳೆಯ ಮನೆತನದ ಹುಡುಗ ಓದಿ ಪಾದ್ರಿಯಾದರೆ ಮನೆಯವರಿಗೂ ಊರಿನವರಿಗೂ ಹೆಮ್ಮೆ. ವಾಜ್‌ರವರು ದೀಕ್ಷೆಯಾದ ಸ್ವಲ್ಪ ದಿನಕ್ಕೆ ಪಾದರಕ್ಷೆ ಬಿಟ್ಟರು. ಬಡವರು ಹೇಗೆ ನಡೆಯುತ್ತಾರೋ ಹಾಗೇ ತಾನೂ ನಡೆಯಬೇಕೆಂಬುದು ಅವರ ಮನಸ್ಸು. ಬಿಸಿಲಲ್ಲಿ ಕಾದ ಮುರಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದವರಿಗೇ ಅದರ ಕಷ್ಟ ಗೊತ್ತು. ಇದೊಂದು ಸಣ್ಣ ವಿಷಯವೆಂದು ಕೆಲವರು ಹೇಳಬಹುದು. ಆದರೆ ದೊಡ್ಡ ಕೆಲಸ ಮಾಡುತ್ತೇನೆಂದು ಹೊರಡುವವರು ಸಣ್ಣದನ್ನೇ ಬಿಡಲಾರದೆ ಹಿಂದೆ ಉಳಿಯುವುದು ಎಲ್ಲ ಕಡೆ ನಡೆಯುತ್ತದೆ.

ಅವರು ಒಳ್ಳೆಯ ಬೋಧಕರೆಂದು, ಅದಕ್ಕಿಂತ ಹೆಚ್ಚಾಗಿ ತಾಳ್ಮೆಯಿಂದ ಪಾಪನಿವೇದನೆ ಕೇಳುವವರೆಂದು ಹೆಸರಾಯಿತು. ಸಾಂಕ್ವಾಳದಲ್ಲಿ ಯಾಜಕರಾಗಬೇಕೆಂಬ ಹುಡುಗರಿಗಾಗಿ ಲತೀನ್ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು ಒಂದು ಕಾಗದ ಬರೆದು ಸಹಿ ಮಾಡಿ, ತಾನು ಇನ್ನು ಮುಂದೆ ಮಾತೆ ಮರಿಯಮ್ಮನವರ ದಾಸನೆಂದು ತನ್ನನ್ನೇ ಒಪ್ಪಿಸಿಕೊಟ್ಟರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲವದು, ಗೋವಾದ ದೊಡ್ಡ ಮನೆಗಳಲ್ಲಿ ದಾಸರಿದ್ದರು. ಅಂಥ ಊರಿನಲ್ಲಿ ಕುಲವಂತ ಯಾಜಕರೊಬ್ಬರು ತಾನೇ ದಾಸನೆಂದು ಪತ್ರ ಮಾಡಿಕೊಂಡದ್ದು ಬರೀ ಭಕ್ತಿಯ ಮಾತಾಗಿರಲಿಲ್ಲ.

ಅದೇ ದಿನಗಳಲ್ಲಿ ಸಿಂಹಳದ, ಅಂದರೆ ಇಂದಿನ ಶ್ರೀಲಂಕಾದ, ಸುದ್ದಿ ಅವರ ಕಿವಿಗೆ ಬೀಳುತ್ತಿತ್ತು. 1658ರ ಹೊತ್ತಿಗೆ ಡಚ್ಚರು ಅಲ್ಲಿಯ ಪೋರ್ಚುಗೀಸರನ್ನು ಪೂರ್ತಿ ಓಡಿಸಿದ್ದರು. ಕಥೋಲಿಕ ಗುರುಗಳು ಅಲ್ಲಿ ಕಾಲಿಡಕೂಡದೆಂದು ಕಟ್ಟಳೆ ಮಾಡಿದ್ದರು. ಜನ ವರ್ಷಗಟ್ಟಲೆ ಬಲಿಪೂಜೆಯಿಲ್ಲದೆ, ಅಂತ್ಯ ಸಂಸ್ಕಾರವಿಲ್ಲದೆ ಸಾಯುತ್ತಿದ್ದರು. ವಾಜ್‌ರವರಿಗೆ ಅಲ್ಲಿಗೇ ಹೋಗಬೇಕೆಂಬ ಹಂಬಲ ಹತ್ತಿತು. ಅಪ್ಪಣೆ ಕೇಳಿದರು. ಅಪ್ಪಣೆ ಬಂತು, ಆದರೆ ಸಿಂಹಳಕ್ಕಲ್ಲ, ಕೆನರಾ ಸೀಮೆಗೆ.

ಕೆನರಾದ ಮೂರು ವರ್ಷ

ಅವರು 1681ರಲ್ಲಿ ಇಲ್ಲಿಗೆ ಬಂದರು. ಆಗ ಈ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯಲ್ಲಿತ್ತು. ಅದಕ್ಕೂ ಮೊದಲು, 1650ರ ನಂತರದ ವರ್ಷಗಳಲ್ಲಿ, ಕೆಳದಿಯ ಶಿವಪ್ಪ ನಾಯಕರು ಪೋರ್ಚುಗೀಸರ ಮಂಗಳೂರು, ಬಸ್ರೂರು, ಹೊನ್ನಾವರ ಕೋಟೆಗಳನ್ನು ಹಿಡಿದಿದ್ದರು. ಕೋಟೆಯ ಸಂಗಡ ಗುರುಗಳೂ ಹೋದರು, ದೇವಾಲಯಗಳು ಪಾಳು ಬಿದ್ದವು. ಕ್ರೈಸ್ತರು ಮಾತ್ರ ಗದ್ದೆ ತೋಟ ಮಾಡಿಕೊಂಡು ಇಲ್ಲಿಯೇ ಉಳಿದರು. ಆಮೇಲೆ ಒಪ್ಪಂದಗಳಾಗಿ ದೇವಾಲಯ ಕಟ್ಟಲು ಅನುಮತಿ ದೊರೆತಿತ್ತು.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ದೊಡ್ಡ ತೊಡಕು ಬೇರೆಯೇ ಇತ್ತು. ಪೋರ್ಚುಗೀಸ್ ರಾಜರಿಗೆ ಹಿಂದಿನ ಜಗದ್ಗುರುಗಳು ಕೊಟ್ಟಿದ್ದ ಹಕ್ಕಿನ ಪ್ರಕಾರ ಕೆನರಾ ತಮ್ಮದೆಂದು ಗೋವಾದವರು ಹೇಳುತ್ತಿದ್ದರು. ರೋಮ್ ನೇರವಾಗಿ ತೋಮಸ್ ದೆ ಕಾಸ್ತ್ರೊ ಎಂಬ ಗೋವಾ ಮೂಲದ ಧರ್ಮಾಧ್ಯಕ್ಷರನ್ನೇ ಇಲ್ಲಿಗೆ ನೇಮಿಸಿತ್ತು. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ದೇವಾಲಯ 1680ರಲ್ಲಿ ಇವರ ಕಾಲದಲ್ಲಿಯೇ ಆದದ್ದು. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರ ಸಲ್ಲದೆಂದು ಇನ್ನೊಂದು ಪಕ್ಷ ಹೇಳುವುದು, ಬಹಿಷ್ಕಾರ ಹಾಕುವುದು ನಡೆದಿತ್ತು. ಮದುವೆಯಾದವರಿಗೆ ತಮ್ಮ ಮದುವೆ ಸರಿಯೋ ಅಲ್ಲವೋ ಎಂಬ ಸಂಶಯ. ಸಾಯುವವರಿಗೆ ಯಾರನ್ನು ಕರೆಯಬೇಕೆಂಬ ಗೊಂದಲ. ದೊಡ್ಡವರ ಜಗಳದಲ್ಲಿ ಬಡವರ ಆತ್ಮ ನಡುವೆ ಸಿಕ್ಕಿಬಿದ್ದಿತ್ತು.

ಗೋವಾದವರು ವಾಜ್‌ರವರನ್ನು ಇಲ್ಲಿಯ ಮುಖ್ಯಸ್ಥರಾಗಿ ಕಳುಹಿಸಿದ್ದು ತಮ್ಮ ಪಕ್ಷ ಗಟ್ಟಿಮಾಡಲಿಕ್ಕೆ. ಆಗ ಅವರಿಗೆ 30 ವರ್ಷ. ಕೈಯಲ್ಲಿ ಅಧಿಕಾರವಿತ್ತು, ಹಿಂದೆ ಮಹಾಧರ್ಮಕ್ಷೇತ್ರವಿತ್ತು. ಅವರು ಮಾಡಿದ್ದೇನೆಂದರೆ ಎದುರು ಪಕ್ಷದ ಧರ್ಮಾಧ್ಯಕ್ಷರಲ್ಲಿಗೆ ತಾವಾಗಿ ಹೋಗಿ ಮರ್ಯಾದೆಯಿಂದ ಮಾತನಾಡಿದ್ದು. ರೋಮ್‌ನಿಂದ ಸ್ಪಷ್ಟ ತೀರ್ಮಾನ ಬರುವವರೆಗೆ ಜನರಿಗೆ ಸಂಸ್ಕಾರಗಳು ನಿಲ್ಲದ ಹಾಗೆ ನೋಡಿಕೊಳ್ಳುವ ದಾರಿ ಹುಡುಕಿದರು. ಹೀಗೆ ಮಾಡುವವರನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಾರೆ, ಅದು ಲೋಕರೂಢಿ. ಆ ಜಗಳ ಅವರ ಕಾಲದಲ್ಲಿ ಪೂರ್ತಿ ತೀರಲಿಲ್ಲವೆಂಬುದನ್ನೂ ಹೇಳಲೇಬೇಕು. ಮುಂದೆ ಬಹಳ ವರ್ಷ ಅದು ಬೇರೆ ಬೇರೆ ರೂಪದಲ್ಲಿ ನಡೆಯಿತು. ತಾನು ಹಿಡಿದ ಕೆಲಸ ತನ್ನ ಕೈಯಿಂದಲೇ ಮುಗಿಯಬೇಕೆಂಬ ಹಟವನ್ನು ಬಿಡಲು ಅವರು ಕಲಿತದ್ದು ಇಲ್ಲಿ, ಈ ನಮ್ಮ ಸೀಮೆಯಲ್ಲಿ ಎಂದರೆ ತಪ್ಪಾಗಲಾರದು.

ಜಗಳ ಅದರ ಪಾಡಿಗಿರಲಿ ಎಂದು ಅವರು ಊರೂರು ನಡೆದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಹೊಳೆ ದಾಟಿ, ಗುಡ್ಡ ಹತ್ತಿ ಹೋದರು. ಬಿದ್ದ ದೇವಾಲಯಗಳನ್ನು ಎತ್ತಿಸಿದರು, ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದರು. ಕುಂದಾಪುರದ ರೋಜಾರಿ ಮಾತೆಯ ದೇವಾಲಯದಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುವಾಗ ಅವರ ದೇಹ ನೆಲದಿಂದ ಮೇಲೆ ಎದ್ದಿತ್ತೆಂದು ಅಲ್ಲಿಯ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ.

ಈ ಗುಡ್ಡದ ಕಥೆಯೂ ಆ ಕಾಲದ್ದೇ. ಹಿರಿಯರು ಹೇಳುವ ಪ್ರಕಾರ ವಾಜ್‌ರವರು ಉಳ್ಳಾಲ ಸಮೀಪದ ಪಾನೀರ್‌ನಲ್ಲಿ ಉಳಿದಿದ್ದಾಗ ಒಂದು ರಾತ್ರಿ ಕೆಲವರು ಬಂದು ಮುಡಿಪಿನಲ್ಲಿ ಒಬ್ಬರಿಗೆ ಸೀಕು ಜೋರಾಗಿದೆ, ಕೂಡಲೇ ಬರಬೇಕೆಂದು ಕರೆದರು. ಕರೆದವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ಗುರುಗಳನ್ನು ಕಾಡಿನಲ್ಲಿ ಕೊಂದು ಹಾಕುವ ಯೋಚನೆ ಅವರದ್ದು. ಗುಡ್ಡಕ್ಕೆ ತಲುಪಿದಾಗ ಸಂಗತಿ ತಿಳಿದು ವಾಜ್‌ರವರು ಮೊಣಕಾಲೂರಿ ಪ್ರಾರ್ಥಿಸಿ, ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿದರಂತೆ. ಬೆಳಕು ಕಾಣಿಸಿ, ಮೂರು ಕಡೆ ನೀರು ಉಕ್ಕಿತಂತೆ. ಕೊಲ್ಲಲು ಬಂದವರು ಹೆದರಿ ಓಡಿಹೋದರು. ನೀರು ಬಂದದ್ದು ದೊಡ್ಡದೇ. ಆದರೆ ಸರಿರಾತ್ರಿಯಲ್ಲಿ, ಆನೆ ಹುಲಿಗಳಿದ್ದ ಆ ಕಾಲದಲ್ಲಿ, ಗುರುತಿಲ್ಲದವರು ಕರೆದ ಕೂಡಲೇ ಎಣ್ಣೆಯ ಕರಡಿಗೆ ತೆಗೆದುಕೊಂಡು ಎದ್ದು ಹೊರಟದ್ದಿದೆಯಲ್ಲ, ಅದಕ್ಕಾಗಿ ಒಂದು ಕ್ಷಣ ನಿಂತು ಯೋಚಿಸದೆ ಯಾರೂ ಗುಡ್ಡ ಇಳಿಯಬಾರದು.

ಗೋವಾಕ್ಕೆ ಹಿಂತಿರುಗಿ

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಆಗ ಐರೋಪ್ಯ ಸನ್ಯಾಸಿ ಸಭೆಗಳು ಇಲ್ಲಿಯ ಯಾಜಕರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ನಾಡಿನ ಕೆಲವು ಗುರುಗಳು ತಾವೇ ಒಟ್ಟಾಗಿ ಹಳೆ ಗೋವಾದ ಗುಡ್ಡದ ಮೇಲಿನ ಅದ್ಭುತ ಶಿಲುಬೆಯ ದೇವಾಲಯದ ಹತ್ತಿರ ಬಾಳುತ್ತಿದ್ದರು. 1685ರ ಸೆಪ್ಟೆಂಬರ್ 25ರಂದು ವಾಜ್‌ರವರು ಅವರ ಜೊತೆ ಸೇರಿದರು, ಅವರೇ ಹಿರಿಯರಾಗಿ ಆರಿಸಲ್ಪಟ್ಟರು. ಸಂತ ಫಿಲಿಪ್ ನೇರಿಯವರ ಒರೆಟರಿ ಸಭೆಯ ನಿಯಮಗಳನ್ನು ತಂದು ಆ ಗುಂಪಿಗೆ ಒಂದು ಕ್ರಮ ಕಟ್ಟಿಕೊಟ್ಟರು. ಭಾರತದ ಯಾಜಕರಿಂದಲೇ ಆದ ಮೊದಲ ಧಾರ್ಮಿಕ ಸಭೆ ಇದು. ಅಲ್ಲಿಯೇ ಹಿರಿತನದಲ್ಲಿ ಉಳಿದಿದ್ದರೆ ಸುಖವಾಗಿ ಬಾಳಬಹುದಿತ್ತು. 1686ರಲ್ಲಿ ಅವರು ಹೊರಟರು. ಸಂಗಡ ಜೊವಾವ್ ಎಂಬ ಸೇವಕ. ದುಡಿದು ತಿನ್ನುವ ಸಮುದಾಯದ ಹುಡುಗ. ಆಮೇಲಿನ ಕಥೆಯಲ್ಲಿ ಇವನು ಸೇವಕ, ಅವರು ಯಜಮಾನ ಎಂಬ ಭೇದ ಬೇಗ ಅಳಿಸಿಹೋಗುತ್ತದೆ.

ಸಿಂಹಳದಲ್ಲಿ

ತೂತುಕುಡಿಯಿಂದ ದೋಣಿ ಹತ್ತಿ 1687ರಲ್ಲಿ ಸಿಂಹಳ ಸೇರಿದರು. ಅಷ್ಟೊತ್ತಿಗೆ ಅವರು ಯಾಜಕರ ಉಡುಪು ಬಿಟ್ಟು ಕೂಲಿಯವರ ಹಾಗೆ ಸೊಂಟಕ್ಕೆ ತುಂಡು ಬಟ್ಟೆ ಸುತ್ತಿದ್ದರು. ಜಾಫ್ನಾ ತಲುಪುವಾಗ ಆಮಶಂಕೆ ಹಿಡಿದು ಪ್ರಾಣ ಹೋಗುವ ಸ್ಥಿತಿ. ರೋಗ ಹರಡೀತೆಂಬ ಹೆದರಿಕೆಯಿಂದ ಜನ ಇವರನ್ನು ಊರ ಹೊರಗೆ ಹಾಕಿದರೆಂದೂ, ಒಬ್ಬ ಹೆಂಗಸು ಗಂಜಿ ತಂದು ಕೊಟ್ಟು ಬದುಕಿಸಿದಳೆಂದೂ ಹೇಳುತ್ತಾರೆ. ಗೋವಾದ ಪ್ರಸಿದ್ಧ ಬೋಧಕರು, ಸಭೆಯ ಹಿರಿಯರು, ಒಂದು ಬಟ್ಟಲು ಗಂಜಿಗೆ ಕೈಚಾಚಿ ಮಲಗಿದ್ದರು.

ಸ್ವಲ್ಪ ಗುಣವಾದ ಮೇಲೆ ಇನ್ನೊಂದು ಕಷ್ಟ. ಕಥೋಲಿಕರು ಯಾರೆಂದು ತಿಳಿಯುವುದು ಹೇಗೆ? ಕೇಳುವಂತಿಲ್ಲ, ಕೇಳಿದರೆ ಡಚ್ಚರಿಗೆ ಸುದ್ದಿ ಹೋಗುತ್ತದೆ. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ಹಾಕುವವರು ಜಪಸರ ನೋಡಿದಾಗ ಅವರ ಮುಖ ಏನಾಗುತ್ತದೆಂದು ಗಮನಿಸಿದರು. ಹಾಗೇ ಒಂದು ಮನೆ ಸಿಕ್ಕಿತು, ಆ ಮನೆಯಿಂದ ಇನ್ನೊಂದು. ಜಾಫ್ನಾ ಸಮೀಪದ ಸಿಲ್ಲಾಲೈ ಎಂಬ ಹಳ್ಳಿಯವರು ಇವರನ್ನು ಅಡಗಿಸಿಟ್ಟುಕೊಂಡರು. ರಾತ್ರಿ ಹೊತ್ತು ಬಲಿಪೂಜೆ, ಬೆಳಗಾಗುವ ಮೊದಲು ಬೇರೆ ಊರು. ಡಚ್ಚರ ಹುಡುಕಾಟ ಜೋರಾಗಿ ಅನೇಕರು ಸೆರೆಯಾದರು. 1690ರಲ್ಲಿ ಅವರು ಡಚ್ಚರ ಕೈಗೆ ಸಿಗದ ಪುತ್ತಳಂಗೆ, ಅಂದರೆ ಕ್ಯಾಂಡಿ ರಾಜ್ಯದೊಳಕ್ಕೆ ಹೋದರು.

1692ರಲ್ಲಿ ಕ್ಯಾಂಡಿ ಪಟ್ಟಣಕ್ಕೆ ಹೊರಟಾಗ ಒಬ್ಬ ಫ್ರೆಂಚ್ ಮನುಷ್ಯ ಇವರು ಪೋರ್ಚುಗೀಸರ ಗೂಢಚಾರರೆಂದು ರಾಜನ ಕಿವಿಗೆ ಹಾಕಿದ. ಎರಡನೇ ವಿಮಲಧರ್ಮಸೂರ್ಯ ರಾಜ ಬೌದ್ಧಧರ್ಮೀಯ, ಒಳ್ಳೆಯ ಅರಸ, ಆದರೆ ಎಚ್ಚರಿಕೆಯವನು. ವಾಜ್‌ರವರನ್ನು ಸೆರೆಯಲ್ಲಿಟ್ಟ. ಎಷ್ಟೋ ವರ್ಷ ಕಾದು, ಸಮುದ್ರ ದಾಟಿ, ಸತ್ತು ಬದುಕಿ ಬಂದ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ಬಂದೀಖಾನೆ. ಇನ್ನೊಬ್ಬರಾಗಿದ್ದರೆ ದೇವರ ಮೇಲೆಯೇ ಸಿಟ್ಟು ಮಾಡುತ್ತಿದ್ದರು. ಅವರು ಕುಳಿತು ಸಿಂಹಳ ಭಾಷೆ ಕಲಿತರು. ಕಾವಲುಗಾರರ ಬಿಗಿ ಸಡಿಲವಾದಾಗ ಅಂಗಳದಲ್ಲಿ ಒಂದು ಗುಡಿಸಲು ಕಟ್ಟಿ ಬಲಿಪೂಜೆಗೆ ಜಾಗ ಮಾಡಿಕೊಂಡರು. ಊರಿನ ಕ್ರೈಸ್ತರು ಮೆಲ್ಲ ಮೆಲ್ಲ ಅಲ್ಲಿಗೇ ಬರತೊಡಗಿದರು. ಕಾಯಿಯನ್ನು ಬಡಿದು ಹಣ್ಣು ಮಾಡಲಾಗದೆಂದು ನಮ್ಮಲ್ಲಿ ಹೇಳುವುದುಂಟು. ಕೆನರಾದಲ್ಲಿ ಕಲಿತ ತಾಳ್ಮೆ ಈ ಸೆರೆಮನೆಯಲ್ಲಿ ಹಣ್ಣಾಯಿತು.

ಮುಂದೆ ಆ ಸೀಮೆಗೆ ಬರಗಾಲ ಬಂತು. ಎಲ್ಲ ಪೂಜೆ ಪ್ರಾರ್ಥನೆಗಳಾದರೂ ಮಳೆಯಿಲ್ಲ. ರಾಜನ ಕೋರಿಕೆಯಂತೆ ವಾಜ್‌ರವರು ಪಟ್ಟಣದ ನಡು ಬಯಲಲ್ಲಿ ಪೀಠವೊಂದನ್ನು ನಿಲ್ಲಿಸಿ ಶಿಲುಬೆಯಿಟ್ಟು ಪ್ರಾರ್ಥಿಸಿದರು, ಮಳೆ ಸುರಿಯಿತು, ಅವರೂ ಪೀಠವೂ ನೆನೆಯಲಿಲ್ಲ ಎಂದು ಚರಿತ್ರೆಕಾರರು ಬರೆದಿದ್ದಾರೆ. ಆಮೇಲೆ ರಾಜ ಅವರಿಗೆ ತನ್ನ ರಾಜ್ಯದಲ್ಲಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟ. 1696ರ ಸುಮಾರಿಗೆ ಗೋವಾದಿಂದ ಅವರ ಸಭೆಯ ಕೆಲವು ಗುರುಗಳು ಬಂದು ಸೇರಿದರು. ಅವರಲ್ಲಿ ಸೋದರಳಿಯ ಜೋಸೆಫ್ ಕಾರ್ವಾಲ್ಯೊ ಸಹ ಒಬ್ಬರು. ಅಷ್ಟು ವರ್ಷ ಇಡೀ ದ್ವೀಪಕ್ಕೆ ಇದ್ದದ್ದು ಒಬ್ಬರೇ ಗುರು.

ಸಿಡುಬಿನ ವರ್ಷ

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಕಾಣಿಸಿತು. ಈಗಿನ ಮಕ್ಕಳಿಗೆ ಆ ರೋಗ ಗೊತ್ತಿಲ್ಲ, 1980ರಲ್ಲಿ ಅದು ಭೂಮಿಯಿಂದಲೇ ಹೋಯಿತೆಂದು ಘೋಷಣೆಯಾಗಿದೆ. ಆಗ ಅದರ ಹೆಸರು ಕೇಳಿದರೆ ತಾಯಿ ಮಗುವನ್ನು ಬಿಟ್ಟು ಓಡುವಷ್ಟು ಭಯ. ರಾಜನೂ ದೊಡ್ಡವರೂ ಪಟ್ಟಣ ಬಿಟ್ಟರು. ರೋಗಿಗಳನ್ನು ಕಾಡಿಗೆ, ಬೀದಿಗೆ ಹಾಕಲಾಯಿತು. ಓಡದೆ ಉಳಿದವರು ವಾಜ್‌ರವರು ಮತ್ತು ಅವರ ಸೋದರಳಿಯ. ಗುಡಿಸಲು ಹಾಕಿ ರೋಗಿಗಳನ್ನು ಹೊತ್ತು ತಂದರು. ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಹೊಲಸು ಬಳಿದರು, ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಈ ಗುರುಗಳಿಲ್ಲದಿದ್ದರೆ ಪಟ್ಟಣದ ಬೀದಿಗಳೆಲ್ಲ ಹೆಣಗಳಿಂದ ತುಂಬಿಹೋಗುತ್ತಿದ್ದವೆಂದು ರಾಜನೇ ಒಪ್ಪಿಕೊಂಡ ಎನ್ನುತ್ತಾರೆ. ಮಳೆಯ ಅದ್ಭುತದಿಂದ ರಾಜನ ಕುತೂಹಲ ಗೆದ್ದಿದ್ದರೆ, ಸಿಡುಬಿನ ವರ್ಷದಿಂದ ಜನರ ನಂಬಿಕೆ ಗೆದ್ದರು. ಎರಡನೆಯದು ಹೆಚ್ಚು ಕಾಲ ಉಳಿಯಿತು.

1705ರಲ್ಲಿ ಗೋವಾದಿಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಪಂಡಿತ ಗುರುಗಳು ಬಂದರು. ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಕೃತಿಗಳನ್ನು ಬರೆದವರು ಇವರೇ. ಇವರ ಸಾಹಿತ್ಯಕ್ಕೆ ವಾಜ್‌ರವರ ಪ್ರೋತ್ಸಾಹವಿತ್ತು. ಅದೇ ಸುಮಾರಿಗೆ ಜಗದ್ಗುರುಗಳ ಪ್ರತಿನಿಧಿಯಾಗಿ ಪಾಂಡಿಚೇರಿಗೆ ಬಂದಿದ್ದ ತೂರ್ನೊನ್‌ರವರು ವಾಜ್‌ರವರ ಸಂಗತಿ ಕೇಳಿ ಅವರನ್ನು ಸಿಂಹಳದ ಧರ್ಮಾಧ್ಯಕ್ಷರನ್ನಾಗಿ ಮಾಡಬೇಕೆಂದು ಯೋಚಿಸಿದರು. ವಾಜ್‌ರವರು ಬೇಡವೆಂದರು. ಪದವಿ ಬಂದಾಗ ಬೇಡವೆನ್ನುವವರು ಕೆಲವರಿದ್ದಾರೆ, ಇನ್ನೊಮ್ಮೆ ಕೇಳಲಿ ಎಂದು ಹಾಗೆನ್ನುತ್ತಾರೆ. ಇವರು ಹೇಳಿದ್ದು ಹಾಗಲ್ಲ. ಹಾಗೇ ನಡೆದುಕೊಂಡು ಊರೂರಿಗೆ ಹೋಗುತ್ತಲೇ ಇದ್ದರು.

ಮರಣ

1710ರಲ್ಲಿ ಪ್ರಯಾಣದ ನಡುವೆ ಆರೋಗ್ಯ ಪೂರ್ತಿ ಕೆಟ್ಟು ಕ್ಯಾಂಡಿಗೆ ಹಿಂತಿರುಗಿದರು. ದೇಹ ಸೋತಿದ್ದರೂ ಧ್ಯಾನ ಪ್ರಾರ್ಥನೆಗಳ ಕ್ರಮ ಬಿಡಲಿಲ್ಲ. ಕೊನೆಯಲ್ಲಿ ಸಂಗಡಿಗರು ಏನಾದರೂ ಬುದ್ಧಿಮಾತು ಹೇಳಬೇಕೆಂದು ಕೇಳಿಕೊಂಡಾಗ, ಬದುಕಿರುವಾಗ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿಗೆ ಮಾಡುವುದು ಸುಲಭವಲ್ಲವೆಂಬ ಅರ್ಥದ ಮಾತನ್ನು ಹೇಳಿದರೆಂದು ತಿಳಿದುಬರುತ್ತದೆ. ಕೈಯಲ್ಲಿ ಉರಿಯುವ ಮೊಂಬತ್ತಿ ಹಿಡಿದು, 1711ರ ಜನವರಿ 16ರಂದು ಪ್ರಾಣ ಬಿಟ್ಟರು. ವಯಸ್ಸು 59. ಊರು ಬಿಟ್ಟು 25 ವರ್ಷವಾಗಿತ್ತು, ಹೆತ್ತ ನೆಲಕ್ಕೆ ಒಮ್ಮೆಯೂ ಹಿಂತಿರುಗಿರಲಿಲ್ಲ.

ಅವರನ್ನು ಸಂತರೆಂದು ಘೋಷಿಸುವ ಕೆಲಸ ಬೇಗ ಆರಂಭವಾದರೂ ಮುಗಿಯಲು 300 ವರ್ಷ ಹಿಡಿಯಿತು. ಜಗದ್ಗುರು ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ಕೊಲಂಬೊದ ಸಮುದ್ರ ದಂಡೆಯ ಗಾಲ್ ಫೇಸ್ ಮೈದಾನದಲ್ಲಿ, ಲಕ್ಷಾಂತರ ಜನರ ಮುಂದೆ, ಸಂತ ಪದವಿಗೆ ಏರಿಸಿದರು. ಶ್ರೀಲಂಕಾಕ್ಕೆ ಅವರೇ ಮೊದಲ ಸಂತರು. ಆ ಜಗದ್ಗುರು ಫ್ರಾನ್ಸಿಸರು ತೀರಿಕೊಂಡದ್ದು 2025ರ ಏಪ್ರಿಲ್ 21ರಂದು, ಅಂದರೆ ವಾಜ್‌ರವರು ಹುಟ್ಟಿದ ದಿನವೇ. ಅವರ ಹಬ್ಬವನ್ನು ಪ್ರತಿ ವರ್ಷ ಜನವರಿ 16ರಂದು ಆಚರಿಸಲಾಗುತ್ತದೆ.

ಕ್ಯಾಂಡಿಯಲ್ಲಿ ಅವರನ್ನು ಮಣ್ಣು ಮಾಡಿದ ದೇವಾಲಯ ಮುಂದೆ ಹಾಳಾಯಿತು, ಸಮಾಧಿ ಎಲ್ಲಿತ್ತೆಂಬ ಗುರುತು ಉಳಿಯಲಿಲ್ಲ. ಆದ್ದರಿಂದ ಹೂವಿಟ್ಟು ಮೊಣಕಾಲೂರಲು ಅವರ ಗೋರಿ ಎಲ್ಲಿಯೂ ಇಲ್ಲ. ಗೋವಾದಲ್ಲಿ ಅವರು ಜ್ಞಾನಸ್ನಾನ ಪಡೆದ ದೇವಾಲಯವಿದೆ, ಸಾಂಕ್ವಾಳದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ, ಮುಡಿಪಿನಲ್ಲಿ ಈ ಗುಡ್ಡವೂ ನೀರೂ ಇವೆ.